ಫೋಟೋದ ಬೆನ್ನ ಮೇಲಿನ ಕಲಬುರಗಿ

ಮೊದಲ ದಿನ

ಉದ್ಯಾನ್ ಎಕ್ಸ್‌ಪ್ರೆಸ್ ಕಲಬುರಗಿ ಸೇರಿದಾಗ ಇನ್ನೂ ಚಳಿ ಇತ್ತು. ಡಿಸೆಂಬರ್ ಕೊನೆಯ ವಾರ. ಈ ಊರಲ್ಲಿ ಕ್ಯಾಮೆರಾ ಹಿಡಿದು ಓಡಾಡಬೇಕು ಅಂದರೆ ಇದೇ ಸರಿಯಾದ ಕಾಲ. ಏಪ್ರಿಲ್, ಮೇನಲ್ಲಿ ಹನ್ನೊಂದು ಗಂಟೆ ದಾಟಿದರೆ ಹೊರಗೆ ಕಾಲಿಡೋಕೇ ಆಗಲ್ಲ.

ಆಟೋ ಹಿಡಿದು ಬ್ರಹ್ಮಪುರದ ಕಾಕಾನ ಮನೆಗೆ ಬಂದೆ. ಕಾಕು ಬಿಸಿ ಬಿಸಿ ಸುಸಲಾ ಮಾಡಿದ್ದರು. ತಟ್ಟೆ ಖಾಲಿ ಆಗುವಷ್ಟರಲ್ಲಿ ಕಾಕಾ ಅಟ್ಟದ ಮೇಲಿಂದ ಟ್ರಂಕು ಇಳಿಸಿಯೇಬಿಟ್ಟಿದ್ದರು.

‘ಹಳಿ ಮನಿ ಬಿಚ್ಚಿ ಕಟ್ಟಸ್ಲಾಕ ನಿಂತೀವಿ. ಫೋಟೋ ಏನ್ ಬೇಕು ಏನ್ ಬ್ಯಾಡ ನೋಡಿ ತಗೋ ತಂಗಿ. ನಮಗ ತಿಳಿಯಂಗಿಲ್ಲ’ ಅಂದರು.

ನಾನು ಬಂದಿದ್ದೇ ಅದಕ್ಕೆ. ಮುತ್ಯಾ, ಅಂದರೆ ಅಪ್ಪನ ಅಪ್ಪ, ನಿಜಾಮರ ಕಾಲದಲ್ಲಿ ತಹಸೀಲ್ ಕಚೇರಿಯ ಗುಮಾಸ್ತರಾಗಿದ್ದರು. ಯಾರದೋ ಬಾಕ್ಸ್ ಕ್ಯಾಮೆರಾ ಕೇಳಿ ತಂದು ಫೋಟೋ ತೆಗೆಯುವ ಹುಚ್ಚು ಅವರಿಗೆ. ಟ್ರಂಕಿನಲ್ಲಿ ಒಟ್ಟು 43 ಫೋಟೋ ಇದ್ದವು. ಹೆಚ್ಚಿನವು ಅಂಗೈಯಷ್ಟೇ. ಆಗ ಫಿಲ್ಮನ್ನು ನೇರವಾಗಿ ಕಾಗದದ ಮೇಲೆ ಇಟ್ಟು ಬೆಳಕು ಕೊಟ್ಟು ಪ್ರಿಂಟ್ ಹಾಕುತ್ತಿದ್ದರು. ಫಿಲ್ಮ್ ಎಷ್ಟು ದೊಡ್ಡದೋ ಫೋಟೋನೂ ಅಷ್ಟೇ. ಕೆಲವುಕ್ಕೆ ಅಂಚು ಹಲ್ಲು ಹಲ್ಲಾಗಿ ಕತ್ತರಿಸಿದೆ. ಓರೆಯಾಗಿ ಹಿಡಿದರೆ ಕಪ್ಪು ಜಾಗ ಕನ್ನಡಿ ಹಾಗೆ ಮಿಂಚುತ್ತದೆ. ಫೋಟೋದ ಕಪ್ಪು ಅಂದರೆ ಸಣ್ಣ ಸಣ್ಣ ಬೆಳ್ಳಿ ಕಣ. ವರ್ಷ ಕಳೆದ ಹಾಗೆ ಅದು ಮೇಲಕ್ಕೆ ಬಂದು ಹೀಗೆ ಹೊಳೆಯುತ್ತದೆ.

ಊಟ ಆದ ಮೇಲೆ ಪಡಸಾಲೆಯಲ್ಲಿ ಬಿಳಿ ಪಂಚೆ ಹಾಸಿ ಎಲ್ಲವನ್ನೂ ಹರಡಿಕೊಂಡು ಕೂತೆ. ಮುಖ ನೋಡಿ ಜೋಡಿಸೋಣ ಅಂತ ಶುರು ಮಾಡಿದೆ, ಆಗಲಿಲ್ಲ. ಅರ್ಧ ಜನ ಯಾರು ಅಂತ ಕಾಕಾನಿಗೂ ಗೊತ್ತಿಲ್ಲ. ಆಮೇಲೆ ಒಂದೊಂದಾಗಿ ಮಗುಚಿ ಹಾಕಿದೆ. ಬೆನ್ನ ಮೇಲೆ ಬರೆದಿದ್ದು ನೋಡುತ್ತಾ ಹೋದ ಹಾಗೆ ಮೈ ಜುಮ್ಮೆಂದಿತು.

ಮೊದಮೊದಲ ಫೋಟೋಗಳ ಹಿಂದೆ ಉರ್ದು. ಒಂದೇ ಏಟಿಗೆ ಬರೆದ ಚಂದದ ಬರಹ. ಆಮೇಲಿನ ಕೆಲವುಕ್ಕೆ ಇಂಗ್ಲಿಷ್. ಕೊನೆಯವುಕ್ಕೆ ಕನ್ನಡ. ಕೈ ಒಂದೇ, ಪೆನ್ಸಿಲ್ ಒತ್ತುವ ರೀತಿ ಒಂದೇ. ಲಿಪಿ ಮಾತ್ರ ಮೂರು.

ಮನೆಯಲ್ಲಿ ಅವರು ಆಡಿದ್ದೆಲ್ಲ ಕನ್ನಡ. ಆದರೆ ಹೈದರಾಬಾದ್ ಸಂಸ್ಥಾನದ ಕಚೇರಿ ಭಾಷೆ ಉರ್ದು. ಬರೆಯೋಕೆ ಅಂತ ಪೆನ್ಸಿಲ್ ಹಿಡಿದರೆ ಕೈಗೆ ಮೊದಲು ಬರುತ್ತಿದ್ದುದು ಅದೇ. ಅವರ ಕನ್ನಡ ಮೊದಲು ಕಾಣಿಸಿದ್ದು 1949ರ ಒಂದು ಫೋಟೋದ ಹಿಂದೆ. ‘ಕನ್ನಡ ಸಾಹಿತ್ಯ ಸಮ್ಮೇಳನ, ಕಲಬುರ್ಗಿ’ ಅಂತ. ಮೂವತ್ತು ದಾಟಿದವರ ಕೈಬರಹ ಅಂತ ಅನ್ನಿಸುವುದೇ ಇಲ್ಲ. ಎರಡನೇ ಇಯತ್ತೆ ಹುಡುಗ ಸ್ಲೇಟಿನ ಮೇಲೆ ತಿದ್ದಿದ ಹಾಗಿದೆ. ಸಮ್ಮೇಳನದ ‘ಮ್ಮೇ’ ಅಕ್ಷರವನ್ನು ಎರಡು ಸಲ ಅಳಿಸಿ ಬರೆದಿದ್ದಾರೆ. ಅಳಿಸಿದ ಜಾಗದಲ್ಲಿ ಕಾಗದದ ನಾರು ಎದ್ದಿದೆ, ಬೆರಳಿಗೆ ಸಿಗುತ್ತದೆ.

ಅದು 32ನೇ ಸಮ್ಮೇಳನ. ಸರ್ವಜ್ಞನ ವಚನಗಳನ್ನು ಊರೂರು ತಿರುಗಿ ಕೂಡಿಸಿದ ಉತ್ತಂಗಿ ಚನ್ನಪ್ಪನವರು ಅಧ್ಯಕ್ಷರು. ಕಲಬುರಗಿಯಲ್ಲಿ ಅದಕ್ಕೂ ಮೊದಲು 1928ರಲ್ಲಿ, ನಿಜಾಮರ ಆಳ್ವಿಕೆಯಲ್ಲೇ, ಬಿ.ಎಂ.ಶ್ರೀ. ಅಧ್ಯಕ್ಷತೆಯಲ್ಲಿ ಒಂದು ಸಮ್ಮೇಳನ ಆಗಿತ್ತು. ಮುತ್ಯಾ ತೆಗೆದ ಫೋಟೋದಲ್ಲಿ ವೇದಿಕೆ ಕಾಣುವುದಿಲ್ಲ. ಮುಂದೆ ಕೂತವರ ತಲೆಗಳಷ್ಟೇ. ರುಮಾಲು, ಗಾಂಧಿ ಟೋಪಿ, ಕರಿ ಟೋಪಿ, ನಡುವೆ ಎರಡು ತುರ್ಕಿ ಟೋಪಿ. ಸಂಸ್ಥಾನ ಭಾರತಕ್ಕೆ ಸೇರಿ ಇನ್ನೂ ಸರಿಯಾಗಿ ವರ್ಷ ಆಗಿರಲಿಲ್ಲ. ವೇದಿಕೆ ಕಂಡಿದ್ದರೆ ಈ ತಲೆಗಳನ್ನು ನಾನು ನೋಡುತ್ತಲೇ ಇರಲಿಲ್ಲ ಅನ್ನಿಸುತ್ತೆ.

ಎರಡನೇ ದಿನ

ಉರ್ದು ಓದಿಸೋಕೆ ಕಾಕಾ ನನ್ನನ್ನು ರೋಜಾ ಕಡೆ ಕರೆದುಕೊಂಡು ಹೋದರು. ಖ್ವಾಜಾ ಬಂದೇನವಾಜ್ ದರ್ಗಾದ ಸುತ್ತಲಿನ ಮೊಹಲ್ಲಾ. ಕಾಕಾನ ಗೆಳೆಯರೊಬ್ಬರ ಅಣ್ಣ ಅಲ್ಲಿದ್ದಾರೆ. ಉರ್ದು ಶಾಲೆಯಲ್ಲಿ ಮಾಸ್ತರರಾಗಿದ್ದವರು, ಈಗ 82 ವರ್ಷ.

‘ಬರ್ರಿ, ಬರ್ರಿ. ಬಾ ಬೇಟಿ, ಕುಂದರು’ ಅಂದರು. ತಹರಿ ತಿಂದೇ ಹೋಗಬೇಕು ಅಂತ ಹಟ ಮಾಡಿದರು. ತಿಂದೆವು. ಕೈ ತೊಳೆದು, ಚೆನ್ನಾಗಿ ಒರೆಸಿಕೊಂಡ ಮೇಲೇ ಅವರು ಫೋಟೋ ಮುಟ್ಟಿದ್ದು. ಅದೂ ಅಂಚು ಹಿಡಿದು. ಅದು ನೋಡಿ ನನಗೆ ಎಷ್ಟು ಸಮಾಧಾನ ಆಯಿತು! ಹಿಂದೊಮ್ಮೆ ಒಂದು ಅಂಗಡಿಯವರು ನಮ್ಮನ್ನು ಕೇಳದೆಯೇ ಮುತ್ಯಾನ ಮದುವೆ ಫೋಟೋಗೆ ಲ್ಯಾಮಿನೇಷನ್ ಮಾಡಿಬಿಟ್ಟಿದ್ದರು. ಗುಳ್ಳೆ ಎದ್ದು ಆಯಿಯ, ಅಂದರೆ ಅಜ್ಜಿಯ, ಮುಖವೇ ಹೋಯಿತು. ಆ ಸಂಕಟ ಈಗಲೂ ಇದೆ.

ಮಾಸ್ತರ್ ಮೊದಲ ಫೋಟೋ ಮಗುಚಿ ಓದಿದರು. ‘ದರ್ಗಾ ರಸ್ತಾ. ಬಹಮನ್, 1354 ಫಸಲಿ.’

ಬಹಮನ್ ಅಂದ ಕೂಡಲೇ ನನಗೆ ಬಹಮನಿ ಸುಲ್ತಾನರು ನೆನಪಾದರು. ಅವರು ನಕ್ಕರು. ಅದು ತಿಂಗಳ ಹೆಸರಂತೆ. ನಿಜಾಮರ ಸರ್ಕಾರ ನಡೆಸುತ್ತಿದ್ದುದು ಫಸಲಿ ಪಂಚಾಂಗ. ವರ್ಷ ಶುರುವಾಗುವುದು ಅಕ್ಟೋಬರಿನಲ್ಲಿ. ಆಜರ್, ದೈ, ಬಹಮನ್ ಅಂತ ತಿಂಗಳು. ಫಸಲಿ ವರ್ಷಕ್ಕೆ 590 ಕೂಡಿಸಿದರೆ ಇಸವಿ ಬರುತ್ತದೆ, ಜನವರಿ ಶುರುವಾಗಿದ್ದರೆ 591. ಹಾಗಾಗಿ ಇದು 1944ರ ಡಿಸೆಂಬರ್. ನಾವು ಕೂತಿದ್ದ ತಿಂಗಳೇ!

ಇನ್ನೊಂದರ ಹಿಂದೆ ‘ಎರಡು ರೂಪಾಯಿ ಹಾಲಿ’ ಅಂತ ಇತ್ತು. ಸ್ಟುಡಿಯೋಕ್ಕೆ ಕೊಟ್ಟ ದುಡ್ಡು. ಹಾಲಿ ಅಂದರೆ ನಿಜಾಮರ ರೂಪಾಯಿ, ಕಲ್ದಾರ್ ಅಂದರೆ ಬ್ರಿಟಿಷರ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ್. ಹಾಲಿ ನಾಣ್ಯ 1959ರ ತನಕ ಚಲಾವಣೆಯಲ್ಲಿತ್ತು. ಆ ಸ್ಟುಡಿಯೋ ಫೋಟೋದಲ್ಲಿ ಮುತ್ಯಾ ಶೇರವಾನಿ ಹಾಕಿಕೊಂಡು ಬಣ್ಣ ಬಳಿದ ಪರದೆ ಮುಂದೆ ನಿಂತಿದ್ದಾರೆ. ಹಿಂದಿನ ಪರದೆಯಲ್ಲಿ ಒಂದು ಸರೋವರ, ಎರಡು ಹಂಸ.

ನಮ್ಮ ತಲೆ ಕೆಡಿಸಿದ್ದು ಮಾತ್ರ ಆ ದರ್ಗಾ ರಸ್ತೆಯ ಫೋಟೋ. ಚಕ್ಕಡಿ ಒಂದು ಹೋಗುತ್ತಿದೆ. ಎಡಕ್ಕೆ ಗಲ್ಲಿಯೊಂದರ ಕಮಾನು, ಮನೆಗಳ ಮೇಲೆ ದರ್ಗಾದ ಗುಮ್ಮಟ. ಬಲ ತುದಿಯಲ್ಲಿ ಒಂದು ಬೋರ್ಡು, ಅರ್ಧ ಮಾತ್ರ. ಫೋಟೋ ಅಲ್ಲಿಗೆ ಮುಗಿಯುತ್ತದೆ. ಉರ್ದು ಬಲದಿಂದ ಎಡಕ್ಕೆ ಅಲ್ವಾ, ಹಾಗಾಗಿ ಕತ್ತರಿಸಿಹೋಗಿದ್ದು ಪದದ ತಲೆ, ಉಳಿದಿದ್ದು ಬಾಲ.

‘ಖಾನಾ ಅಂತ ಅದ ನೋಡು’ ಅಂದರು ಮಾಸ್ತರ್. ‘ಯಾವ ಖಾನಾ? ದವಾಖಾನಾ ಇರ್ಬಹುದು. ಛಾಪಖಾನಾ ಇರ್ಬಹುದು. ಕುತುಬಖಾನಾ ಇರ್ಬಹುದು.’

ಆಸ್ಪತ್ರೆ, ಅಚ್ಚುಕೂಟ, ಗ್ರಂಥಾಲಯ. ಯಾವುದಾದರೂ ಆಗಬಹುದು. ಅವರು ಎದ್ದು ಹೋಗಿ ಹಿಡಿಕೆ ಇರುವ ಭೂತಗನ್ನಡಿ ತಂದರು. ಕಿಟಕಿ ಹತ್ತಿರ ಕೂತು, ಫೋಟೋವನ್ನು ಬೆಳಕಿಗೆ ಒಂಚೂರು ವಾಲಿಸಿ, ಉಸಿರು ಬಿಗಿಹಿಡಿದು ನೋಡಿದರು. ನಾನೂ ಬಗ್ಗಿದೆ. ಖಾನಾದ ಬಲಕ್ಕೆ, ಕಾಗದ ಮುಗಿಯುವ ಕಡೆ, ಒಂದು ಗೆರೆ ನೆಟ್ಟಗೆ ನಿಂತಿತ್ತು. ಎಳ್ಳಿನ ಅರ್ಧದಷ್ಟು ಉದ್ದ.

‘ಕುತುಬ ಆಗಿದ್ರ ಕೆಳಗ ಚುಕ್ಕಿ ಇರ್ಬೇಕಿತ್ತು. ಚುಕ್ಕಿ ಇಲ್ಲ. ಇದು ಅಲಿಫ್, ಆ ಅಕ್ಷರ. ಕಡ್ಡಿಯಂಗ ನಿಂತದ. ದವಾ... ದವಾಖಾನಾ!’

ಎಂಬತ್ತೆರಡರ ಮಾಸ್ತರ್ ಚಿಕ್ಕ ಹುಡುಗನ ಹಾಗೆ ತೊಡೆ ತಟ್ಟಿಕೊಂಡರು. ನಾನಂತೂ ಕುಣಿಯುವುದೊಂದು ಬಾಕಿ.

ಆಮೇಲೆ ಅವರು ಭೂತಗನ್ನಡಿಯನ್ನು ಎಡಕ್ಕೆ ಸರಿಸಿದರು. ಕಮಾನಿನ ಮೇಲೆ ಇಟ್ಟು ಬಹಳ ಹೊತ್ತು ಸುಮ್ಮನಿದ್ದರು.

‘ಇದು ನಮ್ಮ ಗಲ್ಲಿ. ನಾ ಹುಟ್ಟಿದ್ದು ಇಲ್ಲೇ’ ಅಂದರು.

ಅವರ ಮನೆಯಲ್ಲಿ ಆ ಕಾಲದ ಒಂದು ಫೋಟೋನೂ ಇಲ್ಲ. ‘ಪೊಲೀಸ್ ಆಕ್ಷನ್ ಆದಾಗ ನನಗ ಐದು ವರ್ಷ. ರಾತ್ರೋರಾತ್ರಿ ಮನಿ ಬಿಟ್ಟೇವಿ. ತಿರುಗಿ ಬರೂದ್ರಾಗ ಪೆಟ್ಟಿಗಿ ಇದ್ದಿಲ್ಲ. ಅಬ್ಬಾನ ಮುಖ ಹೆಂಗಿತ್ತಂತ ನನಗ ಈಗ ಸರೀ ನೆನಪಿಲ್ಲ ಬೇಟಿ.’

ಹೈದರಾಬಾದನ್ನು ಭಾರತಕ್ಕೆ ಸೇರಿಸಿಕೊಳ್ಳೋಕೆ ಭಾರತದ ಸೇನೆ 1948ರ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆಸಿದ ಕಾರ್ಯಾಚರಣೆ ಅದು. ನಮಗೆ ಅದು ವಿಮೋಚನೆಯ ದಿನ, ಈಗ ಕಲ್ಯಾಣ ಕರ್ನಾಟಕ ಉತ್ಸವ. ಆ ವರ್ಷದ ಬೇಸಿಗೆಯಲ್ಲಿ, ನಿಜಾಮರ ಪರ ಆಯುಧ ಹಿಡಿದಿದ್ದ ರಜಾಕಾರರ ಭಯಕ್ಕೆ ನಮ್ಮ ಆಯಿ ಮಕ್ಕಳನ್ನು ಕಟ್ಟಿಕೊಂಡು ರೈಲು ಹತ್ತಿ ಸೋಲಾಪುರಕ್ಕೆ ಹೋಗಿದ್ದರು. ಆ ಕಥೆ ಕೇಳಿಯೇ ನಾವೆಲ್ಲ ಬೆಳೆದವರು. ಸೆಪ್ಟೆಂಬರ್ ಆದ ಮೇಲೆ ಈ ಕಡೆಯ ಮುಸ್ಲಿಂ ಕುಟುಂಬಗಳಿಗೆ ಏನಾಯಿತು ಅನ್ನುವುದನ್ನು ನಾನು ದೊಡ್ಡವಳಾದ ಮೇಲೆ ಓದಿ ತಿಳಿದುಕೊಂಡೆ. ಆ ಹಿಂಸೆಯ ಬಗ್ಗೆ ವಿಚಾರಿಸೋಕೆ ಭಾರತ ಸರ್ಕಾರ ಕಳಿಸಿದ್ದ ಸುಂದರಲಾಲ್ ಸಮಿತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳು ಅಂತ ಹೆಸರಿಸಿದ್ದರಲ್ಲಿ ಗುಲ್ಬರ್ಗಾ, ಬೀದರ್ ಎರಡೂ ಇವೆ. ಓದುವುದು ಬೇರೆ, ಕಿಟಕಿ ಪಕ್ಕ ಕೂತವರ ಬಾಯಲ್ಲಿ ಕೇಳುವುದು ಬೇರೆ. ಕೆಲವು ತಿಂಗಳ ಅಂತರದಲ್ಲಿ ಎರಡೂ ಮನೆಯವರು ಊರು ಬಿಟ್ಟಿದ್ದರು. ನಮ್ಮ ಟ್ರಂಕು ಉಳಿಯಿತು, ಅವರದು ಉಳಿಯಲಿಲ್ಲ. ಕಾಕಾ ತಲೆ ತಗ್ಗಿಸಿ ಕೂತಿದ್ದರು.

ಮುತ್ಯಾನ ಟ್ರಂಕಿನಲ್ಲಿ 1357 ಫಸಲಿಯ, ಅಂದರೆ 1947ರ ಅಕ್ಟೋಬರಿನಿಂದ ಮುಂದಿನ ಒಂದು ವರ್ಷದ, ಒಂದೇ ಒಂದು ಫೋಟೋ ಇರಲಿಲ್ಲ.

ಮೂರನೇ ದಿನ

ಬೆಳಿಗ್ಗೆ ಏಳಕ್ಕೇ ಕಾಕಾನ ಸ್ಕೂಟರ್ ಮೇಲೆ ಹೊರಟೆವು. ಹಳೇ ಫೋಟೋ ತೆಗೆದ ಜಾಗದಲ್ಲೇ ನಿಂತು ಹೊಸದು ತೆಗೆಯಬೇಕು ಅಂತ ನನ್ನ ಆಸೆ. ಅದಕ್ಕೆ ಜಾಗ ಬದಲಿಸದ ವಸ್ತು ಎರಡಾದರೂ ಬೇಕು. ದರ್ಗಾ ರಸ್ತೆಯಲ್ಲಿ ಒಂದು ಗುಮ್ಮಟ, ಇನ್ನೊಂದು ಗಲ್ಲಿಯ ಕಮಾನು. ಕಮಾನು ಈಗಲೂ ಇದೆ, ಹಸಿರು ಬಣ್ಣ ಬಳಿದಿದ್ದಾರೆ. ಆದರೆ ರಸ್ತೆಯಲ್ಲಿ ನಿಂತರೆ ಗುಮ್ಮಟ ಕಾಣುವುದಿಲ್ಲ. ನಡುವೆ ಮೂರು ಅಂತಸ್ತಿನ ಕಟ್ಟಡಗಳು. ಎದುರಿನ ಅಂಗಡಿಯವರು ಮಾಳಿಗೆ ಹತ್ತೋಕೆ ಬಿಟ್ಟರು. ಅಲ್ಲಿಂದ ಗುಮ್ಮಟ ಸಿಕ್ಕಿತು, ಕಮಾನು ಕೆಳಗೆ ಹೋಯಿತು. ಎರಡೂ ಒಂದೇ ಚೌಕಟ್ಟಿನಲ್ಲಿ ಬರಲೇ ಇಲ್ಲ. ಬಲ ತುದಿಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಪಕ್ಕದ ಹಿರಿಯ ಟೇಲರ್ ಒಬ್ಬರು ಫೋಟೋ ನೋಡಿ, ‘ಹಾಂ, ಇಲ್ಲಿ ಹಕೀಮ್ ಸಾಹೇಬ್ರು ಕುಂದರ್ತಿದ್ರಂತ ನಮ್ಮಪ್ಪ ಹೇಳ್ತಿದ್ದ’ ಅಂದರು. ಅಲಿಫ್ ಸುಳ್ಳು ಹೇಳಿರಲಿಲ್ಲ.

ಅಲ್ಲಿಂದ ಕೋಟೆಗೆ. 1367ರ ಜಾಮಾ ಮಸೀದಿ ಒಳಗೆ ತೆಗೆದ ಫೋಟೋ ಒಂದಿತ್ತು. ಈ ಮಸೀದಿಗೆ ಬಯಲು ಅಂಗಳವೇ ಇಲ್ಲ, ಪೂರ್ತಿ ಮೇಲ್ಛಾವಣಿ, ಅದರ ತುಂಬ ಸಣ್ಣ ಸಣ್ಣ ಗುಮ್ಮಟ. ಒಳಗೆ ನಿಂತರೆ ಅಗಲವಾದ ಕಮಾನುಗಳು ಒಂದರ ಹಿಂದೆ ಒಂದು, ನೆಲದಿಂದ ಸ್ವಲ್ಪವೇ ಮೇಲೆ ಎದ್ದು ಬಾಗುತ್ತವೆ. ಒಳಗಿನ ಬೆಳಕು ಕಡಿಮೆ, ಆಗಿನ ಫಿಲ್ಮಿಗೆ ಅದು ಸಾಲದು. ಮುತ್ಯಾ ಕ್ಯಾಮೆರಾವನ್ನು ನೆಲಕ್ಕೆ ಇಟ್ಟು ಸುಮಾರು ಹೊತ್ತು ತೆರೆದಿಟ್ಟಿರಬೇಕು. ಕಂಬಗಳೆಲ್ಲ ಚೊಕ್ಕವಾಗಿ ಬಂದಿವೆ. ನಡುವೆ ನಡೆದುಹೋದ ಒಬ್ಬ ಮನುಷ್ಯ ಮಾತ್ರ ಹೊಗೆಯ ಹಾಗೆ. ಕಾಲು ಇದೆ, ಮೇಲೆ ಮೈ ಇಲ್ಲ. ನಾನೂ ಮೊಬೈಲನ್ನು ನೆಲಕ್ಕೆ ಇಟ್ಟೆ. ಅದೇ ಕಮಾನುಗಳು, ಅದೇ ಸಾಲು, ಒಂದು ಗೆರೆಯೂ ಆಚೀಚೆ ಇಲ್ಲ. 657 ವರ್ಷ ದಾಟಿದ ಕಟ್ಟಡಕ್ಕೆ ಎಪ್ಪತ್ತು ಎಂಬತ್ತು ವರ್ಷ ಏನು ಮಹಾ!

ಶರಣಬಸವೇಶ್ವರ ಜಾತ್ರೆಯ ರಥದ ಫೋಟೋಗಳು ನಾಲ್ಕಿವೆ. ಅದು ಹೋಳಿ ಆದ ಮೇಲೆ ನಡೆಯುವ ಜಾತ್ರೆ, ಈಗ ಗುಡಿ ಮುಂದೆ ಜನ ಕಡಿಮೆ. ಅಪ್ಪನ ಕೆರೆಯ ದಂಡೆ ಮೇಲೆ ಹತ್ತು ನಿಮಿಷ ಕೂತು, ಶೇಂಗಾ ತಿಂದು ಹೊರಟೆವು.

ಎಂ.ಎಸ್.ಕೆ. ಮಿಲ್ಲಿನ ಕಡೆ ಹೋದಾಗ ಕಾಕಾ ಮಾತು ನಿಲ್ಲಿಸಿದರು. ಪೂರ್ತಿ ಹೆಸರು ಮೆಹಬೂಬ್ ಶಾಹಿ ಕಲಬುರ್ಗಿ ಮಿಲ್ಸ್. ಆರನೇ ನಿಜಾಮ ಮೀರ್ ಮೆಹಬೂಬ್ ಅಲಿ ಖಾನ್ ಹೆಸರಲ್ಲಿ ಶುರುವಾಗಿದ್ದು. ಸರ್ಕಾರದ ಕಾಗದದಲ್ಲಿ ಊರು ಗುಲ್ಬರ್ಗಾ ಹೋಗಿ ಕಲಬುರಗಿ ಆಗಿದ್ದು 2014ರ ನವೆಂಬರ್ 1ಕ್ಕೆ. ಮಿಲ್ಲಿನ ಹೆಸರಲ್ಲಿ ಅದು ನೂರು ವರ್ಷಕ್ಕೂ ಮೊದಲೇ ಇತ್ತು! ಫೋಟೋದಲ್ಲಿ ಪಾಳಿ ಮುಗಿಸಿ ಗೇಟಿನಿಂದ ಹೊರಬರುತ್ತಿರುವ ಕೆಲಸಗಾರರು. ಒಬ್ಬನ ತಲೆಗೂದಲಲ್ಲಿ ಹತ್ತಿಯ ತುಣುಕು, ಭೂತಗನ್ನಡಿಯಲ್ಲಿ ಚೆನ್ನಾಗಿ ಕಾಣುತ್ತದೆ. ‘ಮಿಲ್ಲಿನ ಭೋಂಗಾ ಆದ್ರ ನಮ್ಮವ್ವ ಒಲಿ ಹಚ್ಚತಿದ್ಲು. ಗಡಿಯಾರ ಎಲ್ಲಿದ್ವು ಆಗ?’ ಅಂದರು ಕಾಕಾ. ಮಿಲ್ಲು ನಿಂತು ಎಷ್ಟೋ ವರ್ಷ ಆಯಿತು. ಅವರು ಸ್ಕೂಟರ್ ಇಳಿಯಲಿಲ್ಲ. ನಾನೂ ಹೊಸ ಫೋಟೋ ತೆಗೆಯಲಿಲ್ಲ.

ರಾತ್ರಿ ಊಟಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಯ. ಊಟ ಮಾಡುತ್ತಾ ಪಡಸಾಲೆಯ ಗೋಡೆ ನೋಡಿದೆ. ಚೌಕಟ್ಟು ಹಾಕಿದ ಗ್ರೂಪ್ ಫೋಟೋ ಒಂದು ನಾನು ಹುಟ್ಟುವ ಮೊದಲಿಂದಲೂ ಅಲ್ಲೇ ನೇತಾಡುತ್ತಿದೆ. ಕಚೇರಿಯ ಮೆಟ್ಟಿಲ ಮೇಲೆ ಹದಿನೇಳು ಜನ. ಮುತ್ಯಾ ಎರಡನೇ ಸಾಲಿನಲ್ಲಿ, ಈ ಸಲ ಶೇರವಾನಿ ಇಲ್ಲ, ಕೋಟು.

‘ಕಾಕಾ, ಇದರ ಹಿಂದೆ ಏನಿದೆ ಅಂತ ಯಾರಾದರೂ ನೋಡಿದ್ದೀರಾ?’

ನೋಡಿರಲಿಲ್ಲ. ಇಳಿಸಿ, ಹಿಂದಿನ ಮೊಳೆಗಳನ್ನು ಒಂದೊಂದಾಗಿ ಸಡಿಲಿಸಿ ಹಲಗೆ ತೆಗೆದೆವು. ದಪ್ಪ ರಟ್ಟಿನ ಮೇಲೆ ಪೆನ್ಸಿಲಿನಲ್ಲಿ, ಕನ್ನಡದಲ್ಲಿ: ‘31-10-1956. ನಾಳೆಯಿಂದ ಮೈಸೂರು. ಕೊಡಂಗಲ್, ತಾಂಡೂರಿನ ಗೆಳೆಯರು ಆಂಧ್ರಕ್ಕೆ.’

ಗುಲ್ಬರ್ಗಾ ಜಿಲ್ಲೆಯಲ್ಲಿದ್ದ ಆ ಎರಡು ತಾಲೂಕು ಭಾಷಾವಾರು ಹಂಚಿಕೆಯಲ್ಲಿ ಆಂಧ್ರ ಪ್ರದೇಶಕ್ಕೆ ಹೋದವು. ಹಾಗಾದರೆ ಇದು ಬೀಳ್ಕೊಡುಗೆಯ ಫೋಟೋ. ಅದಕ್ಕೇ ಇರಬೇಕು, ಯಾರೂ ನಕ್ಕಿಲ್ಲ. 1948ರ ತನಕ ನಿಜಾಮರ ರಾಜ್ಯ, ಆಮೇಲೆ ಎಂಟು ವರ್ಷ ಭಾರತದೊಳಗಿನ ಹೈದರಾಬಾದ್ ರಾಜ್ಯ, ಆಮೇಲೆ ಮೈಸೂರು. ಮುತ್ಯಾ ಕೂತ ಕುರ್ಚಿ ಒಂದೇ, ಮೇಲಿನ ರಾಜ್ಯ ಮೂರು. ಏಳು ವರ್ಷದಲ್ಲಿ ಅವರ ಕನ್ನಡ ಅಕ್ಷರ ಎಷ್ಟು ದುಂಡಗಾಗಿತ್ತು ಗೊತ್ತಾ! ‘ಮ್ಮೇ’ ಬರೆಯೋಕೆ ಒದ್ದಾಡಿದವರು ಇವರೇನಾ ಅನ್ನಿಸಿತು.

ನಾಲ್ಕನೇ ದಿನ

ಬೀದರಿಗೆ ರೈಲಿನಲ್ಲಿ ಹೋದೆ, ಒಬ್ಬಳೇ. ಹುಮನಾಬಾದ್ ಮೇಲೆ ಹೋಗುವ ಈ ಹಳಿ ಶುರುವಾಗಿದ್ದು 2017ರಲ್ಲಿ. ಬಾಂಬೆ-ಮದ್ರಾಸ್ ಹಳಿ 1871ರಲ್ಲೇ ಕಲಬುರಗಿ ಮೂಲಕ ರಾಯಚೂರು ಮುಟ್ಟಿತ್ತು. ಪಕ್ಕದ ಬೀದರಿಗೆ ನೇರವಾಗಿ ಹೋಗೋಕೆ ಇನ್ನೂ 146 ವರ್ಷ ಬೇಕಾಯಿತು. ಕಿಟಕಿಯಾಚೆ ತೊಗರಿ ಹೊಲ, ನಡುವೆ ಕೆಂಪು ಮಣ್ಣು.

ನನ್ನ ಕೈಲಿದ್ದುದು ಒಂದೇ ಫೋಟೋ. ಹಿಂದೆ ಇಂಗ್ಲಿಷಿನಲ್ಲಿ ‘ಬೀದರ್, 1953’. ಮಹಮೂದ್ ಗವಾನ್ ಮದರಸಾ ಮುಂದೆ ಮುತ್ಯಾ ಮತ್ತು ಆಯಿ. ಮಿನಾರು ಪೂರ್ತಿ ಬರಲಿ ಅಂತ ತೆಗೆದವರು ಅಷ್ಟು ದೂರ ಹೋಗಿದ್ದಾರೆ, ಆಯಿಯ ಮುಖ ಸಾಸಿವೆ ಕಾಳಿನಷ್ಟು. ಆದರೂ ಸೆರಗು ಸರಿ ಮಾಡಿಕೊಳ್ಳುತ್ತಿರುವುದು ತಿಳಿಯುತ್ತದೆ. ಎತ್ತಿದ ಮೊಣಕೈ ಅವರದೇ.

1472ರಲ್ಲಿ ಕಟ್ಟಿದ ಮದರಸಾ ಇದು. ಔರಂಗಜೇಬನ ಕಾಲದಲ್ಲಿ ಒಳಗಿಟ್ಟಿದ್ದ ಮದ್ದು ಸಿಡಿದು ಮುಂಭಾಗದ ಅರ್ಧ ಮತ್ತು ಎರಡು ಮಿನಾರುಗಳಲ್ಲಿ ಒಂದು ಹೋಯಿತು. ಹೈದರಾಬಾದ್ ಪುರಾತತ್ವ ಇಲಾಖೆಯ ಮೊದಲ ನಿರ್ದೇಶಕ ಗುಲಾಮ್ ಯಜ್ದಾನಿ 1947ರಲ್ಲಿ ಬೀದರಿನ ಮೇಲೆ ದೊಡ್ಡ ಪುಸ್ತಕವನ್ನೇ ತಂದರು. ಅದರ ಫೋಟೋಗಳಲ್ಲಿ ಕಟ್ಟಡಗಳು ಬಹಳ ಗಂಭೀರವಾಗಿ ನಿಂತಿವೆ. ಬೀದರನ್ನು ಅಷ್ಟು ಪ್ರೀತಿಯಿಂದ ನೋಡಿದವರು ಕಡಿಮೆ. ಆದರೂ ನನಗೆ ಆಯಿಯ ಮೊಣಕೈ ಇರುವ ಈ ಫೋಟೋನೇ ಜಾಸ್ತಿ ಬೇಕು.

ಕಪ್ಪು ಬಿಳುಪು ಫೋಟೋ ನೋಡಿ ನೋಡಿ, ಮಿನಾರಿಗೆ ಬಣ್ಣ ಇದೆ ಅನ್ನುವುದೇ ನನಗೆ ಮರೆತುಹೋಗಿತ್ತು. ಗೇಟು ದಾಟಿ ತಲೆ ಎತ್ತಿದರೆ ನೀಲಿ! ಅಂಕುಡೊಂಕು ಪಟ್ಟೆಯಲ್ಲಿ ಹೆಂಚಿನ ಚೂರುಗಳು ಇನ್ನೂ ಕಚ್ಚಿಕೊಂಡಿವೆ. ಆಯಿ ನೋಡಿದ್ದು ಈ ನೀಲಿಯನ್ನು, ನಮಗೆ ಉಳಿದಿದ್ದು ಬೂದು.

ಚೌಬಾರಾ ಹತ್ತಿರದ ಬಿದರಿ ಅಂಗಡಿಯೊಂದರಲ್ಲಿ ಸ್ವಲ್ಪ ಹೊತ್ತು ನಿಂತೆ. ಸತು, ತಾಮ್ರ ಬೆರೆಸಿದ ಹೂಜಿಯಲ್ಲಿ ಬೆಳ್ಳಿ ತಂತಿ ಕೂರಿಸಿದ್ದರು. ಕೊನೆಗೆ ಅದಕ್ಕೆ ಕೋಟೆಯ ಮಣ್ಣು, ನವಸಾಗರ ಕಲಸಿ ಬಳಿದರು. ಲೋಹ ಕಪ್ಪಾಯಿತು, ಬೆಳ್ಳಿ ಬೆಳ್ಳಗೇ ಉಳಿಯಿತು. ನನ್ನ ಚೀಲದಲ್ಲಿದ್ದ ಫೋಟೋದಲ್ಲಿ ಅದು ತಿರುಗುಮುರುಗು, ಬೆಳ್ಳಿ ಇದ್ದ ಕಡೆಯೇ ಕಪ್ಪು.

ಐದನೇ ದಿನ

ರೈಲು ರಾತ್ರಿಗೆ. ಬೆಳಿಗ್ಗೆ ಸ್ಟುಡಿಯೋಕ್ಕೆ ಹೋಗಿ ದರ್ಗಾ ರಸ್ತೆಯ ಫೋಟೋವನ್ನು ದೊಡ್ಡದು ಮಾಡಿಸಿದೆ. ಕಮಾನು ಚೆನ್ನಾಗಿ ಕಾಣುವ ಹಾಗೆ. ಎರಡನೇ ದಿನ ಹೊರಡುವಾಗ ಮಾಸ್ತರ್ ಕೇಳಿದ್ದರು, ‘ಇದರದೊಂದು ಕಾಪಿ ಸಿಗ್ತದೇನು ಬೇಟಿ?’ ಅಂತ. ಅದರಲ್ಲಿ ಅವರ ಮನೆಯವರು ಯಾರೂ ಇಲ್ಲ. ಚಕ್ಕಡಿ, ಕಮಾನು, ಅರ್ಧ ಬೋರ್ಡು ಅಷ್ಟೇ.

ಅವರು ಎರಡೂ ಕೈಯಲ್ಲಿ ತಗೊಂಡರು. ನೋಡಿ ಆದ ಮೇಲೆ ಮಗುಚಿದರು. ಹಿಂದೆ ಬೆಳ್ಳಗೆ, ಖಾಲಿ.

‘ಏನರ ಬರೀಬೇಕಲ್ಲ’ ಅಂದರು. ಜೇಬಿನಿಂದ ಬಾಲ್ ಪೆನ್ನು ತೆಗೆದರು. ಅದರ ಗೀರು ಮುಂದಕ್ಕೆ ಮೂಡುತ್ತದೆ ಅಂತ ನಾನು ಪೆನ್ಸಿಲ್ ಕೊಟ್ಟೆ. ಬಲದಿಂದ ಒಂದು ಸಾಲು ಬರೆದು ಓದಿ ಹೇಳಿದರು. ‘ಹಮಾರೀ ಗಲೀ. ಬಹಮನ್, 1354 ಫಸಲಿ.’

ಬಾಗಿಲಲ್ಲಿ ಮೊಮ್ಮಗಳು ಶಾಲೆಯ ಚೀಲ ಹಾಕಿಕೊಂಡು ನಿಂತಿದ್ದಳು. ಅವಳ ಕಡೆ ನೋಡಿದರು.

‘ಇವಳು ಕನ್ನಡ ಶಾಲಿಗಿ ಹೋಗ್ತಾಳ. ಉರ್ದು ಓದ್ಲಾಕ ಬರಂಗಿಲ್ಲ.’

ಮತ್ತೆ ಪೆನ್ಸಿಲ್ ಹಿಡಿದರು. ಈ ಸಲ ಎಡದಿಂದ, ನಿಧಾನಕ್ಕೆ, ಒಂದೊಂದೇ ಅಕ್ಷರ. ‘ನಮ್ಮ ಗ’ ತನಕ ಬಂದು ತಲೆ ಎತ್ತಿದರು.

‘ಗಲ್ಲಿ ಅನ್ಲಾಕ ಲ ಕೆಳಗ ಒತ್ತು ಹಾಕ್ಬೇಕಲ್ಲ?’

‘ಹೌದ್ರಿ ಮಾಸ್ತರ್’ ಅಂದೆ. ಅವರು ಒತ್ತು ಹಾಕಿದರು.